ನೋಡಿದರೆ ತಪ್ಪಿಲ್ಲ, ತೋರಿಸಿದರೆ ತಪ್ಪು

ಕನ್ನಡದ ‘ಕಣ್ಗಾವಲು’ ಎಂಬ ಪದದೊಳಗೆ ಕಣ್ಣೂ ಇದೆ, ಕಾವಲೂ ಇದೆ. ನೋಡುವವನು ಕಾಯುತ್ತಿದ್ದಾನೋ ಹೊಂಚುತ್ತಿದ್ದಾನೋ ಎಂಬುದು ಆ ಪದದಿಂದ ತಿಳಿಯುವುದಿಲ್ಲ, ಸಂದರ್ಭದಿಂದ ತಿಳಿಯಬೇಕು. ಜಪಾನೀ ಭಾಷೆ ಇವೆರಡನ್ನೂ ಬೇರೆ ಬೇರೆ ಪದಗಳಲ್ಲಿ ಇಟ್ಟುಕೊಂಡಿದೆ. ಅಧಿಕಾರದಲ್ಲಿರುವವರು ಅನುಮಾನದಿಂದ ಇಡುವ ನಿಗಾವನ್ನು ಅಲ್ಲಿ ‘ಕಾನ್‌ಶಿ’ ಎನ್ನುತ್ತಾರೆ. ಅಂಗಳದಲ್ಲಿ ಆಡುವ ಮಗುವಿನ ಮೇಲೆ ಅಜ್ಜಿ ಇಟ್ಟಿರುವಂಥ ಗಮನಕ್ಕೆ, ‘ನೋಡು’ ಮತ್ತು ‘ಕಾಪಾಡು’ ಎಂಬ ಎರಡು ಧಾತುಗಳು ಕೂಡಿ ಆದ ‘ಮಿಮಾಮೊರಿ’ ಎಂಬ ಹೆಸರಿದೆ. ಬೀದಿಕಂಬದ ಮೇಲಿನ ಕ್ಯಾಮೆರಾವನ್ನು ವಿರೋಧಿಸುವವರು ಕಾನ್‌ಶಿ ಕ್ಯಾಮೆರಾ ಎಂದು ಕರೆದರೆ, ಅದನ್ನು ನೆಟ್ಟ ಪೊಲೀಸರು ‘ಬೋಹಾನ್’ ಕ್ಯಾಮೆರಾ, ಅಂದರೆ ಅಪರಾಧ ತಡೆಯುವ ಕ್ಯಾಮೆರಾ ಎನ್ನುತ್ತಾರೆ; ಕೆಲವು ನಗರಸಭೆಗಳು ಈಚೆಗೆ ಅದನ್ನೇ ಮಿಮಾಮೊರಿ ಕ್ಯಾಮೆರಾ ಎನ್ನತೊಡಗಿವೆ. ನೋಡುವ ಕೆಲಸಕ್ಕೆ ಇಷ್ಟು ಹೆಸರುಗಳಿರುವ ಭಾಷೆಯಲ್ಲಿ ನೋಡಿಸಿಕೊಳ್ಳದೆ ಇರುವ ಹಕ್ಕಿಗೆ ಮಾತ್ರ ಸ್ವಂತ ಹೆಸರು ಬಳಕೆಗೆ ಬರಲಿಲ್ಲ. ಖಾಸಗಿತನವನ್ನು ಸೂಚಿಸಲು ಜಪಾನೀಯರು ಇಂದಿಗೂ ಇಂಗ್ಲಿಷಿನ ‘ಪ್ರೈವೆಸಿ’ಯನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ‘ಪುರೈಬಶೀ’ ಎನ್ನುತ್ತಾರೆ.

ಪದವಿಲ್ಲವೆಂದ ಮಾತ್ರಕ್ಕೆ ಆ ಭಾವನೆಯೇ ಇರಲಿಲ್ಲವೆಂದು ತಿಳಿಯುವುದು ಅವಸರದ ತೀರ್ಮಾನವಾದೀತು. ಕನ್ನಡದಲ್ಲಿ ಗೋಡೆಗೂ ಕಿವಿಯುಂಟು ಎಂದರೆ, ಕಾಗದದ ತೆರೆಬಾಗಿಲುಗಳ ಮನೆಯಲ್ಲಿ ಬಾಳಿದ ಜಪಾನೀಯರ ಗಾದೆ ಗೋಡೆಗೆ ಕಿವಿಯನ್ನೂ ಆ ಕಾಗದದ ಬಾಗಿಲಿಗೆ ಕಣ್ಣನ್ನೂ ಕೊಡುತ್ತದೆ. ಕನ್ನಡಿಗರು ‘ನಾಲ್ಕು ಜನ ಏನಂದಾರು’ ಎಂದು ಹೇಳುವಾಗ ಆ ನಾಲ್ಕು ಜನ ಯಾರೆಂದು ಹೇಗೆ ಯಾರೂ ಎಣಿಸಲು ಹೋಗುವುದಿಲ್ಲವೋ ಹಾಗೆ, ‘ಸೆಕೆನ್’ ಎಂಬ ಜಪಾನೀ ಪದವೂ ತನ್ನನ್ನು ಬಲ್ಲ, ತನ್ನ ಬಗ್ಗೆ ಆಡಿಕೊಳ್ಳಬಲ್ಲ ಒಂದು ಅಸ್ಪಷ್ಟ ವರ್ತುಲವನ್ನು ಸೂಚಿಸುತ್ತದೆ. ಆ ವರ್ತುಲದೆದುರು ಬಯಲಾಗುವುದೇ ಅಲ್ಲಿ ದೊಡ್ಡ ಭಯ. ಕಾಯುವವರ ಕಣ್ಣಿಗೆ ಬೀಳುವುದು ಅಷ್ಟು ದೊಡ್ಡ ಭಯವಲ್ಲ. ಈ ವ್ಯತ್ಯಾಸ ಜಪಾನಿನ ಮನೆ, ಬೀದಿ, ನ್ಯಾಯಾಲಯಗಳಲ್ಲೆಲ್ಲ ಹರಡಿಕೊಂಡಿದ್ದು, ಒಬ್ಬರ ಬದುಕನ್ನು ಇನ್ನೊಬ್ಬರಿಗೆ ತೋರಿಸುವುದು ತಪ್ಪೆಂದು 1964ರಲ್ಲೇ ಕಂಡುಕೊಂಡ ಅಲ್ಲಿನ ಕಾನೂನು, ಆ ಬದುಕನ್ನು ನೋಡಿ ಬರೆದಿಟ್ಟುಕೊಳ್ಳುವುದೂ ತಪ್ಪಾಗಬಹುದೆಂದು ಗಟ್ಟಿಯಾಗಿ ಹೇಳಲು ಮತ್ತೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು.

ತೊಕುಗಾವಾ ಆಳ್ವಿಕೆಯ ಕಾಲದಲ್ಲಿ ‘ಗೊನಿನ್‌ಗುಮಿ’ ಎಂಬ ಐದು ಮನೆಗಳ ಕೂಟವಿತ್ತು. ಒಂದು ಮನೆಯವರು ತೆರಿಗೆ ಬಾಕಿ ಉಳಿಸಿದರೂ ಅಪರಾಧವೆಸಗಿದರೂ ನಿಷೇಧಿತ ಕ್ರೈಸ್ತ ಮತವನ್ನು ಗುಟ್ಟಾಗಿ ಪಾಲಿಸಿದರೂ ಉಳಿದ ನಾಲ್ಕು ಮನೆಯವರು ಹೊಣೆಯಾಗಬೇಕಿತ್ತಾದ್ದರಿಂದ, ಬೇಹುಗಾರರಿಗೆ ಸಂಬಳ ಕೊಡುವ ಖರ್ಚು ಆಳುವವರಿಗೆ ಉಳಿಯಿತು. 1940ರ ಸೆಪ್ಟೆಂಬರಿನಲ್ಲಿ ಯುದ್ಧಕಾಲದ ಸರ್ಕಾರ ಅದೇ ಉಪಾಯವನ್ನು ‘ತೊನಾರಿಗುಮಿ’, ಅಂದರೆ ನೆರೆಕೂಟ ಎಂಬ ಹೆಸರಿನಲ್ಲಿ ದೇಶವ್ಯಾಪಿಯಾಗಿಸಿ, ಸುಮಾರು ಹತ್ತು ಮನೆಗಳನ್ನು ಒಂದೊಂದು ಗುಂಪಾಗಿ ಕಟ್ಟಿತು. ಪಡಿತರದ ಹಂಚಿಕೆ, ವೈಮಾನಿಕ ದಾಳಿಯ ವೇಳೆ ಬೆಂಕಿ ಆರಿಸುವ ಅಭ್ಯಾಸ, ಯುದ್ಧಸಾಲದ ಪತ್ರಗಳ ಮಾರಾಟ, ಎಲ್ಲವೂ ಈ ಕೂಟದ ಮೂಲಕವೇ ನಡೆಯುತ್ತಿದ್ದವು. ಯಾರ ಮನೆಯಲ್ಲಿ ಯುದ್ಧದ ಬಗ್ಗೆ ಅಪಸ್ವರ ಕೇಳಿಸುತ್ತದೆ ಎಂಬ ಸುದ್ದಿಯೂ ಅದೇ ದಾರಿಯಲ್ಲಿ ಮೇಲಕ್ಕೆ ಹೋಗಬಹುದಿತ್ತು. ಅಕ್ಕಿ ಹಂಚುವ ಕೈಯೇ ಲೆಕ್ಕವಿಡುವ ಕೈಯೂ ಆಗಿದ್ದ ಆ ವ್ಯವಸ್ಥೆಯಿಂದ ಹೊರಗುಳಿಯುವ ಸ್ವಾತಂತ್ರ್ಯ ಯಾರಿಗೂ ಇರಲಿಲ್ಲ. ಜಪಾನು ಅಮೆರಿಕನ್ನರ ನೇತೃತ್ವದ ಮಿತ್ರಪಡೆಗಳ ಅಧೀನದಲ್ಲಿದ್ದಾಗ, 1947ರಲ್ಲಿ, ನೆರೆಕೂಟಗಳು ರದ್ದಾದವು. ಆದರೂ ಮನೆಯಿಂದ ಮನೆಗೆ ಸುತ್ತುವ ಪ್ರಕಟಣೆಯ ಹಲಗೆಯಂಥ ಅದರ ಪದ್ಧತಿಗಳು ಬಡಾವಣೆ ಸಂಘಗಳಲ್ಲಿ ಉಳಿದುಬಂದಿವೆ. ‘ಕೋಬಾನ್’ ಎಂಬ ಮೂಲೆಮೂಲೆಯ ಪುಟ್ಟ ಪೊಲೀಸ್ ಚೌಕಿಗಳ ಸಿಬ್ಬಂದಿ ಮನೆಮನೆಗೆ ಬಂದು, ಮನೆಯಲ್ಲಿರುವವರು ಯಾರು, ತುರ್ತಿಗೆ ಯಾರನ್ನು ಸಂಪರ್ಕಿಸಬೇಕು ಎಂದು ಕೇಳಿ ಚೀಟಿಯಲ್ಲಿ ತುಂಬಿಸಿಕೊಂಡು ಹೋಗುವುದೂ ನಡೆದಿದೆ. ಉತ್ತರಿಸಲೇಬೇಕೆಂಬ ಕಾನೂನಿಲ್ಲ, ಆದರೆ ಬಾಗಿಲಲ್ಲಿ ಸಭ್ಯವಾಗಿ ಬಾಗಿ ನಿಂತ ಪೇದೆಗೆ ಇಲ್ಲವೆನ್ನುವುದು ಅಷ್ಟು ಸುಲಭವೂ ಅಲ್ಲ.

ಕಾಗದದ ಮೇಲಿನ ಕಣ್ಗಾವಲು ಇದಕ್ಕಿಂತ ಕ್ರೂರವಾಗಿತ್ತು. ಮೇಜಿ ಸರ್ಕಾರ 1871ರಲ್ಲಿ ಕಾನೂನು ಮಾಡಿ 1872ರಲ್ಲಿ ಸಿದ್ಧಪಡಿಸಿದ ‘ಕೊಸೆಕಿ’ ಎಂಬ ಕುಟುಂಬ ದಾಖಲೆ, ವ್ಯಕ್ತಿಯನ್ನಲ್ಲ, ಮನೆತನವನ್ನು ಘಟಕವಾಗಿಟ್ಟುಕೊಂಡು ಹುಟ್ಟು, ಮದುವೆ, ವಿಚ್ಛೇದನ, ದತ್ತು, ಸಾವುಗಳನ್ನೆಲ್ಲ ಒಂದೇ ಕಡೆ ಬರೆದಿಡುತ್ತದೆ. ಚರ್ಮದ ಕೆಲಸ, ಸತ್ತ ಪ್ರಾಣಿಗಳ ವಿಲೇವಾರಿ ಮುಂತಾದ ವೃತ್ತಿಗಳ ಕಾರಣಕ್ಕೆ ಊರಾಚೆ ಇಡಲಾಗಿದ್ದ, ಇಂದು ‘ಬುರಾಕು’ ಜನರೆಂದು ಕರೆಯಲಾಗುವ ಸಮುದಾಯವನ್ನು ಕೀಳೆಂದು ಕರೆಯುವ ಹೆಸರುಗಳನ್ನು 1871ರ ಆದೇಶವೇ ತೊಡೆದುಹಾಕಿತ್ತು. ಆದರೂ ಮರುವರ್ಷದ ಆ ದಾಖಲೆಯಲ್ಲಿ ಹಲವೆಡೆ ಅಂಥವರ ಹೆಸರಿನ ಬಳಿ ‘ಹೊಸ ಪ್ರಜೆ’ ಎಂಬಂಥ ಗುರುತು ಬಿತ್ತು. ಸಮಾನತೆ ಕೊಟ್ಟ ಲೇಖನಿಯೇ ಸಮಾನತೆ ಎಂದಿನಿಂದ ಬಂತೆಂಬುದನ್ನೂ ಬರೆದು, ಅಳಿಸಿದ್ದನ್ನು ಓದಲು ಅನುಕೂಲ ಮಾಡಿಕೊಟ್ಟಂತಾಯಿತು. ಬೇರೆಯವರ ಕೊಸೆಕಿಯನ್ನು ಶುಲ್ಕ ಕಟ್ಟಿ ನೋಡಲು ಅವಕಾಶವಿದ್ದುದರಿಂದ, ಮದುವೆಗೆ ಮುನ್ನ ಹೆಣ್ಣಿನ ಅಥವಾ ಗಂಡಿನ, ನೇಮಕಾತಿಗೆ ಮುನ್ನ ಅಭ್ಯರ್ಥಿಯ ಮೂಲ ಹುಡುಕುವ ಖಾಸಗಿ ಪತ್ತೇದಾರರ ವೃತ್ತಿಯೇ ಬೆಳೆಯಿತು. ನೆರೆಯ ಆಸನದವರನ್ನು ಬಸ್ಸಿನಲ್ಲೇ ‘ನೀವು ಯಾವ ಪೈಕಿ’ ಎಂದು ಕೇಳಿಬಿಡುವ ನಾಡಿನ ಓದುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಅಲ್ಲಿ ಅದೇ ಪ್ರಶ್ನೆ ಬಾಯಿಂದ ಹೊರಡದೆ ಕಡತದ ಮೂಲಕ ಹೊರಡುತ್ತಿತ್ತು ಎಂಬುದಷ್ಟೇ ವ್ಯತ್ಯಾಸ. 1872ರ ದಾಖಲೆಗಳ ವೀಕ್ಷಣೆ ನಿಂತಿದ್ದು 1968ರಲ್ಲಿ. 1975ರಲ್ಲಿ, ಬುರಾಕು ವಸತಿಗಳ ಊರುಹೆಸರುಗಳನ್ನೆಲ್ಲ ಪಟ್ಟಿಮಾಡಿದ ಗುಪ್ತ ಪುಸ್ತಕಗಳನ್ನು ಇನ್ನೂರಕ್ಕೂ ಹೆಚ್ಚು ಕಂಪನಿಗಳು ಅಂಚೆಯ ಮೂಲಕ ಕೊಂಡಿದ್ದು ಬಯಲಾಯಿತು. ಕೊಸೆಕಿಯನ್ನು ಯಾರು ಬೇಕಾದರೂ ನೋಡುವ ಪದ್ಧತಿಗೆ ಕಾನೂನು ತಡೆಹಾಕಿದ್ದು ಅದರ ಮರುವರ್ಷ.

ಖಾಸಗಿತನ ಎಂಬ ಹಕ್ಕು ಜಪಾನಿನ ನ್ಯಾಯಾಲಯವನ್ನು ಹೊಕ್ಕಿದ್ದು ಇಂಥ ದೀನರ ಮೊಕದ್ದಮೆಯಿಂದಲ್ಲ, ಒಬ್ಬ ಮಾಜಿ ವಿದೇಶಾಂಗ ಸಚಿವರ ಮಾನದ ಪ್ರಶ್ನೆಯಿಂದ. ಯುಕಿಯೊ ಮಿಶಿಮಾ 1960ರಲ್ಲಿ ಬರೆದ ‘ಔತಣದ ನಂತರ’ ಎಂಬ ಕಾದಂಬರಿಯ ನಾಯಕ, ಟೋಕಿಯೊ ಗವರ್ನರ್ ಹುದ್ದೆಯ ಚುನಾವಣೆಯಲ್ಲಿ ಸೋಲುವ ವಯೋವೃದ್ಧ ರಾಜಕಾರಣಿ. ನಾಯಕಿ, ಹೆಸರಾಂತ ಭೋಜನಗೃಹದ ಒಡತಿ. 1959ರಲ್ಲಿ ಅದೇ ಚುನಾವಣೆಯಲ್ಲಿ ಸೋತಿದ್ದ, ಭೋಜನಗೃಹದ ಒಡತಿಯನ್ನೇ ಮದುವೆಯಾಗಿದ್ದ ಹಾಚಿರೊ ಆರಿತಾ ಅವರನ್ನು ಓದುಗರು ಅಲ್ಲಿ ಗುರುತಿಸದೆ ಇರಲು ಸಾಧ್ಯವಿರಲಿಲ್ಲ. ಆರಿತಾ ದಾವೆ ಹೂಡಿದರು. ಟೋಕಿಯೊ ಒಲಿಂಪಿಕ್ಸ್ ಆರಂಭವಾಗಲು ಎರಡು ವಾರವೂ ಉಳಿದಿರದಾಗ, 1964ರ ಸೆಪ್ಟೆಂಬರ್ 28ರಂದು, ಟೋಕಿಯೊ ಜಿಲ್ಲಾ ನ್ಯಾಯಾಲಯ ಲೇಖಕ ಮತ್ತು ಪ್ರಕಾಶಕರು 8 ಲಕ್ಷ ಯೆನ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಬರೆದದ್ದು ಸುಳ್ಳೆಂದು ಸಾಬೀತಾಗಬೇಕಿಲ್ಲ. ಅದು ಖಾಸಗಿ ಬದುಕಿನ ಸಂಗತಿಯೆಂದು ಓದುಗರು ನಂಬುವಂತಿದ್ದು, ಸಾಮಾನ್ಯ ಮನುಷ್ಯ ಅದನ್ನು ಬಯಲುಮಾಡಲು ಇಚ್ಛಿಸದಂತಿದ್ದು, ಜನರಿಗೆ ಅದುವರೆಗೆ ತಿಳಿದಿರದಿದ್ದರೆ ಸಾಕು ಎಂಬ ಅಳತೆಗೋಲನ್ನು ಆ ತೀರ್ಪು ಹಾಕಿಕೊಟ್ಟಿತು. ‘ಪುರೈಬಶೀ’ ಮನೆಮಾತಾದದ್ದು ಈ ಮೊಕದ್ದಮೆಯಿಂದಲೇ. ಆದರೆ ತೀರ್ಪಿನ ಮಾತುಗಳನ್ನು ಗಮನವಿಟ್ಟು ಓದಿದರೆ ಅದು ಗುರುತಿಸಿದ್ದು ಖಾಸಗಿ ಬದುಕು ಕಾರಣವಿಲ್ಲದೆ ಪ್ರಕಟವಾಗದಿರುವ ಹಕ್ಕನ್ನು. ಕಾದಂಬರಿಕಾರ ಆ ಬದುಕನ್ನು ಎಷ್ಟು ಹತ್ತಿರದಿಂದ ನೋಡಿದ, ಯಾರನ್ನು ಕೇಳಿ ತಿಳಿದ ಎಂಬುದು ಅದರ ಚಿಂತೆಯಾಗಿರಲಿಲ್ಲ.

ನೋಡುವುದರ ಬಗೆಗಿನ ಮೊದಲ ದೊಡ್ಡ ಮಾತು ಐದು ವರ್ಷಗಳ ಬಳಿಕ ಸರ್ವೋಚ್ಚ ನ್ಯಾಯಾಲಯದಿಂದ ಬಂತು. ಕ್ಯೋಟೊದಲ್ಲಿ 1962ರಲ್ಲಿ ನಡೆದ ವಿದ್ಯಾರ್ಥಿ ಮೆರವಣಿಗೆಯ ಛಾಯಾಚಿತ್ರವನ್ನು ಪೊಲೀಸರು ತೆಗೆದದ್ದಕ್ಕೆ ಸಂಬಂಧಿಸಿದ 1969ರ ಡಿಸೆಂಬರ್ 24ರ ತೀರ್ಪು, ವ್ಯಕ್ತಿಯ ಘನತೆಯನ್ನೂ ಸುಖವನ್ನು ಅರಸುವ ಹಕ್ಕನ್ನೂ ಕುರಿತ ಸಂವಿಧಾನದ 13ನೇ ವಿಧಿಯ ಆಧಾರದಲ್ಲಿ, ಒಪ್ಪಿಗೆಯಿಲ್ಲದೆ ತನ್ನ ಮುಖವನ್ನು ಚಿತ್ರೀಕರಿಸಿಕೊಳ್ಳದಿರುವ ಸ್ವಾತಂತ್ರ್ಯ ಪ್ರತಿಯೊಬ್ಬನಿಗೂ ಇದೆಯೆಂದಿತು. ಅದೇ ಉಸಿರಿನಲ್ಲಿ ಈ ಪ್ರಕರಣದಲ್ಲಿ ಪೊಲೀಸರು ಮಾಡಿದ್ದು ಸರಿಯೆಂದೂ ಹೇಳಿತು. ತತ್ತ್ವ ನಾಗರಿಕನಿಗೆ, ಫೋಟೊ ಪೊಲೀಸರಿಗೆ. ಒಸಾಕಾದ ಕೂಲಿಕಾರರ ಕೇರಿಯಾದ ಕಾಮಗಾಸಾಕಿಯಲ್ಲಿ ಪೊಲೀಸರು 1966ರಿಂದ ನೆಡುತ್ತ ಬಂದ ಹದಿನೈದು ಕ್ಯಾಮೆರಾಗಳ ಬಗ್ಗೆ 1994ರಲ್ಲಿ ಒಸಾಕಾ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟಾಗಲೂ, ಕಾರ್ಮಿಕ ಸಂಘಟನೆಯ ಕಟ್ಟಡಕ್ಕೆ ಮುಖಮಾಡಿದ್ದ ಒಂದನ್ನು ಕೀಳಬೇಕೆಂದು ಆದೇಶಿಸಿ ಉಳಿದ ಹದಿನಾಲ್ಕನ್ನು ಇದ್ದಲ್ಲೇ ಬಿಟ್ಟಿತು. ಟೋಕಿಯೊದ ಕಾಬುಕಿಚೋ ಎಂಬ ರಾತ್ರಿಜೀವನದ ಬಡಾವಣೆಯಲ್ಲಿ 2002ರ ಫೆಬ್ರವರಿಯಲ್ಲಿ ರಾಜಧಾನಿಯ ಪೊಲೀಸರು 50 ಕ್ಯಾಮೆರಾಗಳನ್ನು ಚಾಲನೆಗೆ ತಂದರು.

ಸರ್ಕಾರದ ಕಣ್ಣಿಗೆ ಇಷ್ಟು ಹೊಂದಿಕೊಂಡ ಸಮಾಜವೇ ಪರಸ್ಪರರ ಕಣ್ಣಿನ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿದೆ ಎಂಬುದಕ್ಕೆ ಗೂಗಲ್ ಸ್ಟ್ರೀಟ್ ವ್ಯೂ ಪ್ರಸಂಗಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. 2008ರ ಆಗಸ್ಟಿನಲ್ಲಿ ಜಪಾನಿನ ಬೀದಿಗಳ ಚಿತ್ರಗಳು ಪ್ರಕಟವಾದಾಗ, ಕಾರಿನ ಮೇಲೆ 2.45 ಮೀಟರ್ ಎತ್ತರದಲ್ಲಿದ್ದ ಕ್ಯಾಮೆರಾ ಇಕ್ಕಟ್ಟಾದ ಓಣಿಗಳ ಬೇಲಿಗಳಾಚೆ ಇಣುಕಿ, ದಾರಿಹೋಕರಿಗೆ ಕಾಣದ ಅಂಗಳವನ್ನೂ ಒಣಹಾಕಿದ ಬಟ್ಟೆಯನ್ನೂ ಜಗತ್ತಿಗೆ ತೋರಿಸುತ್ತಿದೆಯೆಂಬ ಆಕ್ಷೇಪ ಎದ್ದಿತು. ಮರುವರ್ಷ ಕಂಪನಿ ಕ್ಯಾಮೆರಾವನ್ನು 40 ಸೆಂಟಿಮೀಟರ್ ತಗ್ಗಿಸಿ ಬೀದಿಗಳನ್ನು ಮತ್ತೆ ಚಿತ್ರೀಕರಿಸಲು ಒಪ್ಪಿಕೊಂಡಿತು. ಖಾಸಗಿತನವನ್ನು ಸೆಂಟಿಮೀಟರಿನಲ್ಲಿ ಅಳೆದ ಸಂದರ್ಭಗಳು ಹೆಚ್ಚಿರಲಿಕ್ಕಿಲ್ಲ. ಜಪಾನಿನಲ್ಲಿ ಮಾರಾಟವಾಗುವ ಬಹುತೇಕ ಮೊಬೈಲ್ ಫೋನುಗಳು ಚಿತ್ರ ತೆಗೆಯುವಾಗ ಸದ್ದು ಮಾಡಿಯೇ ತೀರುತ್ತವೆ, ಅದನ್ನು ಅಡಗಿಸಲು ಬರುವುದಿಲ್ಲ. ಕದ್ದು ಫೋಟೊ ತೆಗೆಯುವವರನ್ನು ತಡೆಯಲು ತಯಾರಕರು ತಾವಾಗಿ ಪಾಲಿಸುತ್ತಿರುವ ನಿಯಮವಿದು, ಕಾನೂನಲ್ಲ. ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯ್ದೆ 2005ರ ಏಪ್ರಿಲಿನಲ್ಲಿ ಪೂರ್ಣವಾಗಿ ಜಾರಿಗೆ ಬಂದಾಗಲಂತೂ ಶಾಲೆಗಳು ತರಗತಿಯ ಫೋನ್ ಪಟ್ಟಿ ಮಾಡುವುದನ್ನೇ ನಿಲ್ಲಿಸತೊಡಗಿದವು. ಅದೇ ತಿಂಗಳ 25ರಂದು ಅಮಗಾಸಾಕಿಯಲ್ಲಿ ರೈಲು ಹಳಿತಪ್ಪಿ 107 ಮಂದಿ ಸತ್ತ ದಿನ, ಗಾಯಾಳುಗಳ ಹೆಸರನ್ನು ಅವರನ್ನು ಹುಡುಕಿಕೊಂಡು ಬಂದವರಿಗೆ ಹೇಳಬಹುದೋ ಬಾರದೋ ಎಂದು ಕೆಲವು ಆಸ್ಪತ್ರೆಗಳು ಅನುಮಾನಿಸಿದವು. ತೋರಿಸುವ ಭಯ ಅತಿಯಾದರೆ ಹೀಗೂ ಆಗುತ್ತದೆ.

ಸಂಖ್ಯೆಗಳ ಕಥೆ ಆಧಾರ್ ಕಂಡ ಓದುಗರಿಗೆ ಪರಿಚಿತವೆನಿಸೀತು. ಊರೂರಿನ ನಿವಾಸಿ ದಾಖಲೆಗಳನ್ನು ಹೆಣೆದು ಪ್ರತಿಯೊಬ್ಬರಿಗೂ 11 ಅಂಕಿಯ ಸಂಕೇತ ಕೊಟ್ಟ ‘ಜೂಕಿ ನೆಟ್’ ಎಂಬ ಜಾಲ 2002ರ ಆಗಸ್ಟ್ 5ರಂದು ಆರಂಭವಾದಾಗ, ಫುಕುಶಿಮಾ ಪ್ರಾಂತದ ಯಮಾತ್ಸುರಿ ಎಂಬ ಪುಟ್ಟ ಪಟ್ಟಣ ಸೇರಲು ನಿರಾಕರಿಸಿ 2015ರವರೆಗೂ ಹಟ ಬಿಡಲಿಲ್ಲ. ಒಸಾಕಾ ಉಚ್ಚ ನ್ಯಾಯಾಲಯ 2006ರಲ್ಲಿ, ಒಪ್ಪದವರನ್ನೂ ಆ ಜಾಲಕ್ಕೆ ಸೇರಿಸುವುದು ಸಂವಿಧಾನಬಾಹಿರವೆಂದಿತಾದರೂ, 2008ರ ಮಾರ್ಚ್ 6ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಹೆಸರು, ಹುಟ್ಟಿದ ದಿನ, ಲಿಂಗ, ವಿಳಾಸ ಇವು ಗುಟ್ಟಿನ ಸಂಗತಿಗಳಲ್ಲ, ಸೋರಿಕೆಯಾಗುವ ನಿರ್ದಿಷ್ಟ ಅಪಾಯವೂ ಇಲ್ಲ, ಆದ್ದರಿಂದ ಹಕ್ಕಿಗೆ ಚ್ಯುತಿಯಿಲ್ಲ. 2016ರಲ್ಲಿ ಬಳಕೆಗೆ ಬಂದ, ಆಧಾರ್‌ನಂತೆಯೇ 12 ಅಂಕಿಯ ‘ಮೈ ನಂಬರ್’ ಸಂಖ್ಯೆಯನ್ನು ಅದೇ ನ್ಯಾಯಾಲಯ 2023ರ ಮಾರ್ಚಿನಲ್ಲಿ ಇದೇ ಜಾಡಿನಲ್ಲಿ ಎತ್ತಿಹಿಡಿಯಿತು; ಒಬ್ಬರ ಆರೋಗ್ಯ ವಿಮೆಯ ವಿವರ ಇನ್ನೊಬ್ಬರ ಸಂಖ್ಯೆಗೆ ಜೋಡಣೆಯಾಗಿದ್ದ ಸಾವಿರಾರು ಪ್ರಕರಣಗಳು ಬೆಳಕಿಗೆ ಬಂದದ್ದು ಅದಾದ ಎರಡೇ ತಿಂಗಳಲ್ಲಿ. ಮೈ ನಂಬರ್ ಕಾರ್ಡು ಐಚ್ಛಿಕವೆಂದು ಕಾನೂನು ಈಗಲೂ ಹೇಳುತ್ತದೆ, ಆದರೆ ಆ ಕಾರ್ಡೇ ಆರೋಗ್ಯ ವಿಮಾ ಚೀಟಿಯೂ ಆಗಲೆಂದು 2024ರ ಡಿಸೆಂಬರ್ 2ರಿಂದ ಹಳೆಯ ವಿಮಾ ಚೀಟಿಗಳನ್ನು ಹೊಸದಾಗಿ ಕೊಡುವುದು ನಿಂತಿದೆ. ಭಾರತದಲ್ಲಿ ಆಧಾರ್‌ ಅನ್ನು ಪ್ರಶ್ನಿಸಿದ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದಷ್ಟು ಸ್ಪಷ್ಟವಾಗಿ ಜಪಾನಿನ ಸರ್ವೋಚ್ಚ ನ್ಯಾಯಾಲಯ ಆ ಪದವನ್ನೇ ಹಿಡಿದು ಮಾತಾಡಿದ್ದು ಕಡಿಮೆ.

ನೋಡುವುದಕ್ಕೂ ತೋರಿಸುವುದಕ್ಕೂ ನಡುವಿನ ಈ ಗೆರೆ ಅತ್ಯಂತ ಕಟುವಾಗಿ ಕಂಡದ್ದು ಟೋಕಿಯೊದ ಮುಸ್ಲಿಮರ ಪ್ರಕರಣದಲ್ಲಿ. 2010ರ ಅಕ್ಟೋಬರಿನಲ್ಲಿ ಟೋಕಿಯೊ ಪೊಲೀಸರ ಸಾರ್ವಜನಿಕ ಭದ್ರತಾ ವಿಭಾಗದವೆನ್ನಲಾದ 114 ಕಡತಗಳು ಅಂತರಜಾಲದಲ್ಲಿ ಸೋರಿಹೋದವು. ಯಾವ ಅಪರಾಧದ ಆರೋಪವೂ ಇಲ್ಲದ ಜನರ ಹೆಸರು, ಭಾವಚಿತ್ರ, ಕುಟುಂಬದ ವಿವರ, ಅವರು ಯಾವ ಮಸೀದಿಗೆ ಯಾವಾಗ ಹೋದರೆಂಬ ಟಿಪ್ಪಣಿ ಅವುಗಳಲ್ಲಿದ್ದವು. 2008ರಲ್ಲಿ ಹೊಕ್ಕೈಡೊದ ತೋಯಾ ಸರೋವರದ ಬಳಿ ನಡೆದ ಜಿ-8 ಶೃಂಗಸಭೆಯ ಸಿದ್ಧತೆಯ ಹೊತ್ತಿನಲ್ಲಿ ಈ ಕಾವಲು ಬಿಗಿಯಾಗಿತ್ತು. ಹದಿನೇಳು ಮಂದಿ ದಾವೆ ಹೂಡಿದರು. 2014ರ ಜನವರಿ 15ರಂದು ಟೋಕಿಯೊ ಜಿಲ್ಲಾ ನ್ಯಾಯಾಲಯ ಸೋರಿಕೆಗೆ ಟೋಕಿಯೊ ಆಡಳಿತವನ್ನು ಹೊಣೆಮಾಡಿ ಒಟ್ಟು 9 ಕೋಟಿ 2 ಲಕ್ಷ ಯೆನ್ ಪರಿಹಾರ ವಿಧಿಸಿತು. ಮತದ ಕಾರಣಕ್ಕೇ ಅವರನ್ನು ಹಿಂಬಾಲಿಸಿ ಬರೆದಿಟ್ಟುಕೊಂಡದ್ದು ಮಾತ್ರ, ಭಯೋತ್ಪಾದನೆಯನ್ನು ತಡೆಯಲು ಅನಿವಾರ್ಯವಾಗಿತ್ತೆಂದಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕಿದಾಗ ಆ ಮಾತೇ ಉಳಿಯಿತು. ಬೀಗ ಸರಿಯಾಗಿ ಹಾಕದ್ದಕ್ಕೆ ದಂಡ ಬಿತ್ತು, ಕಪಾಟಿನಲ್ಲಿ ಏನನ್ನು ತುಂಬಿಸಲಾಗಿತ್ತೆಂಬುದಕ್ಕೆ ಬೀಳಲಿಲ್ಲ.

ಕಾವಲು ಪ್ರೀತಿಯ ರೂಪದಲ್ಲಿ ಬಂದಾಗ ಈ ಗೆರೆಯೂ ಮಸುಕಾಗುತ್ತದೆ. ಜೋಜಿರುಶಿ ಕಂಪನಿ 2001ರಲ್ಲಿ ತಂದ ಒಂದು ವಿದ್ಯುತ್ ಬಿಸಿನೀರಿನ ಪಾತ್ರೆ, ಒಂಟಿಯಾಗಿರುವ ತಾಯಿಯೋ ತಂದೆಯೋ ಚಹಾಕ್ಕೆ ನೀರು ಬಗ್ಗಿಸಿಕೊಂಡದ್ದನ್ನು ದೂರದೂರಿನ ಮಕ್ಕಳಿಗೆ ಇ-ಮೇಲಿನಲ್ಲಿ ತಿಳಿಸುತ್ತಿತ್ತು. ಸತ್ತು ದಿನಗಟ್ಟಲೆಯಾದರೂ ಯಾರಿಗೂ ತಿಳಿಯದ ‘ಕೊದೊಕುಶಿ’, ಅಂದರೆ ಏಕಾಕಿ ಮರಣ, ನಿತ್ಯದ ಸುದ್ದಿಯಾಗಿರುವ ನಾಡಿನಲ್ಲಿ ಆ ಪಾತ್ರೆಯನ್ನು ಬೇಹುಗಾರನೆಂದು ಕರೆಯಲು ಮನಸ್ಸು ಬಾರದು. ತನ್ನ ಚಹಾದ ಹೊತ್ತು ಮಗನಿಗೆ ತಿಳಿಯಬೇಕೇ ಎಂದು ತಾಯಿಯನ್ನು ಎಷ್ಟು ಮನೆಗಳಲ್ಲಿ ಕೇಳಿದರೆಂಬ ಪ್ರಶ್ನೆಯಾದರೂ ಉಳಿಯುತ್ತದೆ. ಹ್ಯೋಗೊ ಪ್ರಾಂತದ ಕಾಕೊಗಾವಾ ನಗರ 2017–18ರಲ್ಲಿ ಶಾಲೆ ಮತ್ತು ಶಾಲೆಯ ಹಾದಿಗಳ ಸುತ್ತ ಸುಮಾರು 1,500 ಮಿಮಾಮೊರಿ ಕ್ಯಾಮೆರಾಗಳನ್ನು ನೆಟ್ಟು, ಮಕ್ಕಳೂ ಮರೆವಿನ ಕಾಯಿಲೆಯ ವೃದ್ಧರೂ ಒಯ್ಯುವ ಪುಟ್ಟ ಬಿಲ್ಲೆಯ ಸಂಕೇತವನ್ನು ಅವು ಹಿಡಿಯುವಂತೆ ಮಾಡಿತು. ರೈಲು ಕಂಪನಿಗಳಿಗೆ ಇಂಥ ಸಿಹಿ ಹೆಸರು ಒದಗಲಿಲ್ಲ. ಸುಯಿಕಾ ಕಾರ್ಡಿನ ಪ್ರಯಾಣ ವಿವರಗಳನ್ನು ಪ್ರಯಾಣಿಕರಿಗೆ ಹೇಳದೆ ಹಿಟಾಚಿಗೆ ಮಾರಿದ ಜೆಆರ್ ಈಸ್ಟ್ 2013ರಲ್ಲಿ ಪ್ರತಿಭಟನೆಗೆ ಮಣಿದು ಆ ಮಾರಾಟವನ್ನು ನಿಲ್ಲಿಸಬೇಕಾಯಿತು. 2021ರ ಒಲಿಂಪಿಕ್ಸ್ ವೇಳೆ ಜೈಲಿನಿಂದ ಬಿಡುಗಡೆಯಾದ ಕೆಲವರನ್ನು ನಿಲ್ದಾಣಗಳಲ್ಲಿ ಮುಖ ನೋಡಿ ಗುರುತಿಸುವ ವ್ಯವಸ್ಥೆಯನ್ನು ತಂದಾಗಲೂ ಪತ್ರಿಕಾವರದಿಯ ಬೆನ್ನಲ್ಲೇ ಆ ಭಾಗವನ್ನು ಕೈಬಿಟ್ಟಿತು.

ನೋಡುವುದನ್ನೇ ಪ್ರಶ್ನಿಸುವ ತೀರ್ಪುಗಳು ಬರತೊಡಗಿದ್ದು ತೀರ ಈಚೆಗೆ. ಕಳ್ಳತನದ ತನಿಖೆಯಲ್ಲಿ ಶಂಕಿತರ ಮತ್ತು ಅವರ ಪರಿಚಿತರ 19 ವಾಹನಗಳಿಗೆ ಪೊಲೀಸರು ವಾರಂಟ್ ಇಲ್ಲದೆ ಜಿಪಿಎಸ್ ಸಾಧನ ಅಂಟಿಸಿದ ಪ್ರಕರಣದಲ್ಲಿ, 2017ರ ಮಾರ್ಚ್ 15ರಂದು ಸರ್ವೋಚ್ಚ ನ್ಯಾಯಾಲಯದ ಪೂರ್ಣಪೀಠ, ಯಾರಿಗೂ ತೋರಿಸದಿದ್ದರೂ ಹಾಗೆ ಸತತವಾಗಿ ಹಿಂಬಾಲಿಸುವುದೇ ಮನೆಯನ್ನು ಹೊಕ್ಕು ಶೋಧಿಸಿದಂತೆ, ಅದಕ್ಕೆ ಹೊಸ ಕಾನೂನೇ ಬೇಕು ಎಂದಿತು. 2024ರ ಆಗಸ್ಟ್ 30ರಂದು ನಗೋಯಾ ಉಚ್ಚ ನ್ಯಾಯಾಲಯ, ಆರೋಪಮುಕ್ತನಾದವನ ಡಿಎನ್‌ಎ, ಬೆರಳಚ್ಚು, ಭಾವಚಿತ್ರಗಳನ್ನು ಪೊಲೀಸರು ಇಟ್ಟುಕೊಳ್ಳುವಂತಿಲ್ಲವೆಂದು ಹೇಳಿತು.

ಅದಾಗಿ ಎರಡು ವಾರಕ್ಕೆ, ಸೆಪ್ಟೆಂಬರ್ 13ರಂದು, ಅದೇ ನ್ಯಾಯಾಲಯ ಓಗಾಕಿ ಪ್ರಕರಣವನ್ನು ತೀರ್ಮಾನಿಸಿತು. ಗಿಫು ಪ್ರಾಂತದ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಲು ಹೊರಟ ವಿದ್ಯುತ್ ಕಂಪನಿಯೊಂದರ ಅಂಗಸಂಸ್ಥೆಯವರನ್ನು 2013–14ರಲ್ಲಿ ಓಗಾಕಿ ಪೊಲೀಸರು ಹಲವು ಬಾರಿ ಕರೆದು, ಯೋಜನೆಯ ಬಗ್ಗೆ ಅಧ್ಯಯನ ಸಭೆ ನಡೆಸಿದ್ದ ಮತ್ತು ಬೇರೆ ನಾಗರಿಕ ಚಟುವಟಿಕೆಗಳಲ್ಲಿದ್ದ ಸ್ಥಳೀಯರ ವಿವರಗಳನ್ನು ಒಪ್ಪಿಸಿದ್ದರು. ಇದು ತಮ್ಮ ದಿನನಿತ್ಯದ ಕೆಲಸದ ಭಾಗವೆಂಬುದು ಪೊಲೀಸರ ಸಮರ್ಥನೆಯಾಗಿತ್ತು. 2022ರಲ್ಲಿ ಗಿಫು ಜಿಲ್ಲಾ ನ್ಯಾಯಾಲಯ ಹಳೆಯ ಗೆರೆಯ ಮೇಲೆಯೇ ನಡೆದು, ಕಂಪನಿಗೆ ತಿಳಿಸಿದ್ದು ಅಕ್ರಮ, ಸಂಗ್ರಹಿಸಿದ್ದು ಅಕ್ರಮವಲ್ಲ ಎಂದು ನಾಲ್ವರಿಗೆ ಒಟ್ಟು 22 ಲಕ್ಷ ಯೆನ್ ಕೊಡಿಸಿತ್ತು. ಉಚ್ಚ ನ್ಯಾಯಾಲಯ ಪರಿಹಾರವನ್ನು ದುಪ್ಪಟ್ಟಾಗಿಸಿದ್ದಷ್ಟೇ ಅಲ್ಲ, ಸಂಗ್ರಹಿಸಿದ್ದೇ ಅಕ್ರಮವೆಂದು ಹೇಳಿ ಆ ವಿವರಗಳನ್ನು ಅಳಿಸಿಹಾಕುವಂತೆ ಆದೇಶಿಸಿತು. ಆ ನಾಲ್ವರಿಗೆ ತಮ್ಮ ಹೆಸರು ಪೊಲೀಸರ ಕಡತದಲ್ಲಿದೆಯೆಂದು ತಿಳಿದದ್ದು ಪೊಲೀಸರಿಂದಲ್ಲ, ಆ ಮಾತುಕತೆಗಳನ್ನು ಕಂಪನಿಯವರು ಬರೆದಿಟ್ಟುಕೊಂಡಿದ್ದ ಟಿಪ್ಪಣಿ 2014ರ ಜುಲೈಯಲ್ಲಿ ‘ಅಸಾಹಿ’ ಪತ್ರಿಕೆಯಲ್ಲಿ ವರದಿಯಾದದ್ದರಿಂದ. ಪೊಲೀಸರು ಕಡತವನ್ನು ಯಾರಿಗೂ ತೋರಿಸದೆ ತಮ್ಮಲ್ಲೇ ಇಟ್ಟುಕೊಂಡಿದ್ದರೆ, ಅಳಿಸಿರೆಂದು ಕೇಳಲು ಯಾರೂ ನ್ಯಾಯಾಲಯಕ್ಕೆ ಬರುತ್ತಿರಲಿಲ್ಲ.